ಆಷಾಢದ ಗಾಳಿಯಲ್ಲಿ ಫುಟ್‌ಬಾಲ್

ಜುಲೈ ಮೊದಲ ವಾರ ಗುಂಡ್ಲುಪೇಟೆಯಿಂದ ಕೋಳಿಕ್ಕೋಡ್ ಹೆದ್ದಾರಿ ಹಿಡಿದು ಹೊರಟರೆ ಹವೆ ಬದಲಾಗುವುದು ಕಣ್ಣಿಗೇ ಕಾಣುತ್ತದೆ. ಊರಾಚೆ ಸೂರ್ಯಕಾಂತಿ, ಚೆಂಡು ಹೂವಿನ ಹೊಲಗಳು ಗಾಳಿಗೆ ಒಂದೇ ದಿಕ್ಕಿಗೆ ಬಾಗಿರುತ್ತವೆ. ಆಕಾಶದ ತುಂಬ ಮೋಡ; ನೆಲಕ್ಕೆ ಬೀಳುವುದು ಆಗೊಮ್ಮೆ ಈಗೊಮ್ಮೆ ತುಂತುರು. ಮದ್ದೂರು ಚೆಕ್‌ಪೋಸ್ಟ್ ದಾಟಿ ಕಾಡು ಹೊಕ್ಕು ಮುತ್ತಂಗ ಮುಟ್ಟುವಷ್ಟರಲ್ಲಿ ಬಸ್ಸಿನ ವೈಪರ್ ಓಡಲು ಶುರುವಾಗುತ್ತದೆ. ಕಲ್ಪೆಟ್ಟ, ವೈತ್ತಿರಿ, ಲಕ್ಕಿಡಿ ಕಡೆ ಹೋದಂತೆಲ್ಲ ಮಳೆ ದಟ್ಟವಾಗುತ್ತದೆ, ಬಯಲುಗಳಲ್ಲಿ ನೀರು ನಿಂತಿರುತ್ತದೆ. ಫುಟ್‌ಬಾಲ್ ಹುಚ್ಚಿನ ಮಲಬಾರಿಗೆ ಅದು ದೊಡ್ಡ ಪಂದ್ಯಗಳಿಲ್ಲದ ಕಾಲ. ಇತ್ತ ಕಾಡಿನ ಪೂರ್ವಕ್ಕೆ, ಅದೇ ದಿನ ಅದೇ ಹೊತ್ತು, ಗುಂಡ್ಲುಪೇಟೆ ಮತ್ತು ಚಾಮರಾಜನಗರದ ಹುಡುಗರು ಶಾಲೆ ಬಿಟ್ಟ ಮೇಲೆ ಚೆಂಡು ಒದೆಯುತ್ತಿರುತ್ತಾರೆ.

ನಮ್ಮ ಜಿಲ್ಲೆಯನ್ನು ಫುಟ್‌ಬಾಲಿನ ನಾಡು ಎಂದು ಯಾರೂ ಕರೆದಿಲ್ಲ. ಇಲ್ಲಿ ಕಬಡ್ಡಿಗೂ ವಾಲಿಬಾಲಿಗೂ ಮೊದಲ ಮಣೆ; ಕ್ರಿಕೆಟ್ ಅಂತೂ ಸಂದಿಗೊಂದಿಗಳಲ್ಲೂ ಇದೆ. ಆದರೆ ಮಳೆಯ ಲೆಕ್ಕ, ಗಾಳಿಯ ಲೆಕ್ಕ, ಮಣ್ಣಿನ ಗುಣ ಮೂರನ್ನೂ ಕೂಡಿಸಿ ನೋಡಿದರೆ ಮುಂಗಾರಿನ ಮೂರು ತಿಂಗಳು ಫುಟ್‌ಬಾಲ್ ಆಡಲು ಇಷ್ಟು ಒದಗಿಬರುವ ನೆಲ ನಮ್ಮ ಸುತ್ತಿನ ಜಿಲ್ಲೆಗಳಲ್ಲಿ ಹೆಚ್ಚಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದನ್ನು ನಾವು ಗಮನಿಸಿಲ್ಲ, ಬಳಸಿಕೊಂಡೂ ಇಲ್ಲ.

ಕಾರಣ ಭೂಗೋಳದಲ್ಲಿದೆ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಪಶ್ಚಿಮ ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರುತ್ತದೆ, ತಣಿಯುತ್ತದೆ, ತನ್ನ ನೀರನ್ನೆಲ್ಲ ಅಲ್ಲೇ ಸುರಿದುಬಿಡುತ್ತದೆ. ವಯನಾಡಿನ ವರ್ಷದ ಸರಾಸರಿ ಮಳೆ ಎರಡು ಸಾವಿರ ಮಿಲಿಮೀಟರ್ ಮೀರುತ್ತದೆ. ಲಕ್ಕಿಡಿ ಸೀಮೆಯಲ್ಲಿ ಇನ್ನೂ ಬಹಳ ಹೆಚ್ಚು. ಘಟ್ಟ ದಾಟಿ ಇಳಿಯುವ ಗಾಳಿ ಬಿಸಿಯಾಗಿ ಒಣಗುತ್ತದೆ. ಹಾಗಾಗಿ ಕಾಡಿನ ಈಚೆಗೆ ಮಳೆ ನೆರಳು. ಚಾಮರಾಜನಗರ ಜಿಲ್ಲೆಗೆ ವರ್ಷವಿಡೀ ಬೀಳುವುದು ಸುಮಾರು 750 ಮಿಲಿಮೀಟರ್. ಅದೂ ನಾಡಿನ ಬೇರೆ ಕಡೆಯಂತೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಟ್ಟಾಗಿ ಬೀಳುವುದಿಲ್ಲ. ಇಲ್ಲಿ ಮಳೆಗೆ ಎರಡು ಏರು: ಮೇ ತಿಂಗಳ ಭರಣಿ, ಕೃತ್ತಿಕೆಗಳಲ್ಲಿ ಒಂದು, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗಿನ ಹಸ್ತ, ಚಿತ್ತೆಗಳಲ್ಲಿ ಇನ್ನೊಂದು. ನಡುವಿನ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕರಾವಳಿ ಮುಳುಗುತ್ತಿದ್ದರೆ ನಮ್ಮಲ್ಲಿ ಮೋಡ, ಗಾಳಿ, ಸೋನೆ. ಬಿಸಿಲು 30 ಡಿಗ್ರಿ ದಾಟುವ ದಿನಗಳು ಕಡಿಮೆ. ಓಡುವ ಮೈಗೆ ಇದಕ್ಕಿಂತ ಒಳ್ಳೆಯ ಹವೆ ಬೇಕೇ?

ಮಲಬಾರಿನ ಆಟದ ವರ್ಷ ಇದಕ್ಕೆ ತಿರುಗುಮುರುಗು. ಅಲ್ಲಿನ ಸೆವೆನ್ಸ್, ಅಂದರೆ ತಂಡಕ್ಕೆ ಏಳೇ ಜನರ ಫುಟ್‌ಬಾಲ್, ಮಳೆ ನಿಂತ ಮೇಲೆ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ತಿಂಗಳವರೆಗೆ ನಡೆಯುತ್ತದೆ. ಕೊಯ್ಲಾದ ಗದ್ದೆ ಬಯಲುಗಳೂ ಮೈದಾನವಾಗುತ್ತವೆ, ಸುತ್ತ ತಾತ್ಕಾಲಿಕ ಗ್ಯಾಲರಿಗಳು ಏಳುತ್ತವೆ. ಹಗಲಿನ ಸೆಖೆಗೆ ಹೆದರಿ ಪಂದ್ಯ ರಾತ್ರಿಗೆ ಹೋಗುತ್ತದೆ. ನೈಜೀರಿಯಾ, ಘಾನಾ, ಐವರಿಕೋಸ್ಟ್‌ನ ಆಟಗಾರರು ಬಂದು ಆರು ತಿಂಗಳು ಇದ್ದು ದುಡಿದು ಹೋಗುತ್ತಾರೆ. ಮಳೆಗಾಲದಲ್ಲಿ ಉಳಿಯುವುದು ಕೆಸರಿನ ಆಟ. ಜುಲೈನಲ್ಲಿ ನಡೆಯುವ ವಯನಾಡಿನ ಮಳೆ ಹಬ್ಬದಲ್ಲಿ ಗದ್ದೆಯ ಕೆಸರಿನಲ್ಲಿ ಫುಟ್‌ಬಾಲ್ ಆಡಿಸುತ್ತಾರೆ. ಅದರ ಸೊಗಸೇ ಬೇರೆ. ಆದರೆ ಪಾಸ್ ಕೊಡುವುದನ್ನಾಗಲಿ, ಚೆಂಡು ಹಿಡಿತಕ್ಕೆ ತೆಗೆದುಕೊಳ್ಳುವುದನ್ನಾಗಲಿ ಕೆಸರಿನಲ್ಲಿ ಕಲಿಯಲಾಗದು.

ಗುಂಡ್ಲುಪೇಟೆಗೂ ಈ ಸೆವೆನ್ಸ್‌ಗೂ ನಂಟಿದೆ. ತೆರಕಣಾಂಬಿ ಮಾರುಕಟ್ಟೆಯ ತರಕಾರಿ ನಿತ್ಯ ಕೇರಳಕ್ಕೆ ಹೋಗುತ್ತದೆ, ಓಣಂ ಹೊತ್ತಿಗೆ ಹೂವು ಹೋಗುತ್ತದೆ. ವ್ಯಾಪಾರದ ಜೊತೆಗೆ ಆಟದ ಸುದ್ದಿಯೂ ಬರುತ್ತದೆ. ಆದರೆ ಬತ್ತೇರಿಯಲ್ಲೋ ಕಲ್ಪೆಟ್ಟದಲ್ಲೋ ರಾತ್ರಿ ಪಂದ್ಯ ನೋಡಿ ಮನೆಗೆ ಮರಳುವುದು ನಮ್ಮವರಿಗೆ ಸಾಧ್ಯವಿಲ್ಲ. 2009ರಿಂದ ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಕಾಡುಪ್ರಾಣಿಗಳ ಜೀವ ಉಳಿಸಿದ ಆ ನಿರ್ಬಂಧ ಇರಲೇಬೇಕು ಎನ್ನುವವನು ನಾನು. ಆದರೆ ಅದರಿಂದ ಆಟದ ಮಟ್ಟಿಗೆ ಏನಾಯಿತು ಎಂಬುದನ್ನೂ ಹೇಳಬೇಕು. ಐವತ್ತು ಚಿಲ್ಲರೆ ಕಿಲೋಮೀಟರ್ ದೂರದ ಫುಟ್‌ಬಾಲ್ ಜಗತ್ತು ಅದು ಬಿಸಿಯೇರುವ ಹೊತ್ತಿಗೇ ನಮ್ಮ ಪಾಲಿಗೆ ಬಾಗಿಲು ಹಾಕಿಕೊಳ್ಳುತ್ತದೆ. ನೋಡಬೇಕೆಂದರೆ ಅಲ್ಲೇ ನೆಂಟರ ಮನೆಯಲ್ಲಿ ತಂಗಬೇಕು.

ಇನ್ನು ನಮ್ಮ ಆಷಾಢದ ಗಾಳಿ. ಮುಂಗಾರಿನಲ್ಲಿ ಅರಬ್ಬೀ ಸಮುದ್ರ ದಾಟಿ ಬರುವ ಬಿರುಸಾದ ಗಾಳಿಯ ಹೊಳೆ ಸಮುದ್ರ ಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅತಿ ವೇಗವಾಗಿ ಹರಿಯುತ್ತದೆ. ನಮ್ಮ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ 1,454 ಮೀಟರ್. ಬೆಟ್ಟದ ಮೇಲೆ ನಿಂತು ಪಂಚೆ ಹಿಡಿದುಕೊಂಡವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಕೆಳಗಿನ ಬಯಲಿಗೆ ಬರುವುದು ಅದರ ಸೆರಗು ಮಾತ್ರ, ಆದರೂ ಮಧ್ಯಾಹ್ನ ಮೂರರಿಂದ ಸಂಜೆ ಐದರವರೆಗೆ, ಆಟದ ಹೊತ್ತಿಗೇ, ಅದು ಬಿರುಸಾಗಿರುತ್ತದೆ.

ಆ ಗಾಳಿಯಲ್ಲಿ ಯಾವ ಆಟ ನಿಲ್ಲುತ್ತದೆ ಎಂಬುದು ತೂಕದ ಲೆಕ್ಕ. ಶಟಲ್ ಕಾಕ್ ಐದು ಗ್ರಾಂ ಆಸುಪಾಸು. ಹೊರಗೆ ಆಡುವ ಮಾತೇ ಇಲ್ಲ. ವಾಲಿಬಾಲ್ 260ರಿಂದ 280 ಗ್ರಾಂ. ಸರ್ವಿಸ್ ಹಾಕಿದವನಿಗೇ ಅದು ಎಲ್ಲಿ ಬೀಳುತ್ತದೋ ಗೊತ್ತಾಗುವುದಿಲ್ಲ. ಫುಟ್‌ಬಾಲ್ 410ರಿಂದ 450 ಗ್ರಾಂ, ಮೇಲಾಗಿ ಹೆಚ್ಚು ಹೊತ್ತು ನೆಲದ ಮೇಲೇ ಇರಬಲ್ಲದು. ಆಷಾಢದಲ್ಲಿ ವಾಲಿಬಾಲ್ ನೆಟ್ ಬಿಚ್ಚಿಟ್ಟ ಹುಡುಗರ ಕೈಗೆ, ಅಲ್ಲ ಕಾಲಿಗೆ, ಈ ಚೆಂಡು ಸಿಗುವುದು ಹೀಗೆ.

ಅಂಥ ಒಂದು ಸಂಜೆಯ ಆಟವನ್ನು ಗೆರೆಯ ಪಕ್ಕ ನಿಂತು ನೋಡಬೇಕು. ಬಿಸಿಲು ಆಟಗಾರರ ಕಣ್ಣಿಗೆ ಹೊಡೆಯದಿರಲೆಂದು ಮೈದಾನವನ್ನು ಸಾಮಾನ್ಯವಾಗಿ ಉತ್ತರ ದಕ್ಷಿಣವಾಗಿ ಹಾಕುತ್ತಾರೆ. ಗಾಳಿ ಬರುವುದು ಪಶ್ಚಿಮದಿಂದ, ಅಂದರೆ ಅಡ್ಡಕ್ಕೆ. ಗೋಲಿ ಒದ್ದ ಚೆಂಡು ಅರ್ಧ ಮೈದಾನ ದಾಟುವ ಮುಂಚೆ ಪೂರ್ವದ ಗೆರೆಯಾಚೆ ಹೋಗಿ ಬೀಳುತ್ತದೆ. ಥ್ರೋ ಇನ್ ಮೇಲೆ ಥ್ರೋ ಇನ್, ಆಟವೆಲ್ಲ ಒಂದೇ ಮಗ್ಗುಲಿಗೆ ವಾಲುತ್ತದೆ. ಪಶ್ಚಿಮದ ಮೂಲೆಯಿಂದ ಕಾರ್ನರ್ ಕಿಕ್ ಒದೆಯುವವನು ಗೋಲಿನ ಬಾಯಿಗೆ ಗುರಿಯಿಟ್ಟರೆ ಚೆಂಡು ಆಚೆ ಕಂಬವನ್ನೂ ದಾಟಿ ಹೋಗುತ್ತದೆ. ಅದೇ ಪೂರ್ವದ ಮೂಲೆಯಿಂದ ಒದ್ದರೆ ನಡುದಾರಿಯಲ್ಲಿ ನಿಂತು ಒದ್ದವನ ಕಡೆಗೇ ವಾಲುತ್ತದೆ. ಎರಡು ವಾರ ಹೀಗೆ ಆಡಿದ ಮೇಲೆ ಹುಡುಗರ ಆಟವೇ ಬದಲಾಗುತ್ತದೆ. ಗೆರೆಯಾಚೆಯಿಂದ ಒಬ್ಬ ಹಿರಿಯ ಹುಡುಗ ಕೂಗುತ್ತಾನೆ: “ಮ್ಯಾಕ್ಕ ಒಡಿಬ್ಯಾಡ ಕನ್ಲಾ, ನೆಲದಲ್ಲೇ ಕೊಡು!” ಚೆಂಡು ನೆಲಕ್ಕಿಳಿಯುತ್ತದೆ, ಪಾಸುಗಳು ಗಿಡ್ಡವಾಗುತ್ತವೆ, ಚೆಂಡು ಇಲ್ಲದವನೂ ಓಡಲೇಬೇಕಾಗುತ್ತದೆ. ದುಡ್ಡು ಕೊಟ್ಟು ಸೇರುವ ಅಕಾಡೆಮಿಗಳಲ್ಲಿ ಕೋಚುಗಳು ಬಾಯಿ ನೋಯುವಂತೆ ಹೇಳಿಕೊಡುವ ಪಾಠವನ್ನು ಇಲ್ಲಿ ಗಾಳಿಯೇ ಕಲಿಸುತ್ತದೆ.

ಗಾಳಿ ಮೈದಾನದ ಉದ್ದಕ್ಕೆ ಬೀಸುವ ಕಡೆ ಟಾಸ್‌ಗೂ ಬೆಲೆ ಬರುತ್ತದೆ. ಮೊದಲು ಟಾಸ್ ಗೆದ್ದವರು ಯಾವ ಗೋಲಿನತ್ತ ಆಡುವುದು ಎಂಬುದನ್ನು ಮಾತ್ರ ಆರಿಸಬೇಕಿತ್ತು. 2019ರಲ್ಲಿ ನಿಯಮ ತಿದ್ದಿ, ಬೇಕಿದ್ದರೆ ಮೊದಲ ಒದೆತವನ್ನೂ ಆರಿಸಿಕೊಳ್ಳಬಹುದು ಎಂದು ಮಾಡಿದರು. ಗಾಳಿಯಿಲ್ಲದ ಊರಿನಲ್ಲಿ ಇದು ಸಣ್ಣ ಸಂಗತಿ. ನಮ್ಮಲ್ಲಿ ಮೊದಲರ್ಧ ಗಾಳಿಯ ಜೊತೆ ಆಡಿ ಎರಡು ಗೋಲು ಹೊಡೆದು, ಸಂಜೆ ಗಾಳಿ ಇಳಿದ ಮೇಲೆ ಅದನ್ನು ಕಾಪಾಡಿಕೊಳ್ಳುವುದೋ, ಇಲ್ಲ ಮೊದಲೇ ಎದುರುಗಾಳಿಯ ಕಷ್ಟ ತೀರಿಸಿಕೊಂಡುಬಿಡುವುದೋ ಎಂದು ನಾಯಕ ತಲೆ ಕೆಡಿಸಿಕೊಳ್ಳಲೇಬೇಕು.

ಮಣ್ಣಿನದು ಬೇರೆಯೇ ಕತೆ. ಗುಂಡ್ಲುಪೇಟೆ ಕಡೆ ಕೆಂಪು ಮಣ್ಣು, ಜೊತೆಗೆ ಗರಸು. ಸೋನೆ ಮಳೆ ಅರ್ಧ ಗಂಟೆ ಹೊಯ್ದರೂ ನೀರು ಇಂಗಿಹೋಗುತ್ತದೆ, ಮೇಲುಪದರ ಮಾತ್ರ ಸ್ವಲ್ಪ ಹೊತ್ತು ಜಾರುತ್ತದೆ. ಒಣಗಿದರೆ ಅದೇ ಮಣ್ಣು ಗಟ್ಟಿ ಹೊಪ್ಪಳೆ ಕಟ್ಟಿ ಚೆಂಡನ್ನು ಎದೆಯೆತ್ತರ ಪುಟಿಸುತ್ತದೆ, ಬಿದ್ದವನ ಮಂಡಿ ಸುಲಿಯುತ್ತದೆ. ಚಾಮರಾಜನಗರದಿಂದ ಸಂತೇಮರಹಳ್ಳಿ ಕಡೆ ಹೋದರೆ ಕಪ್ಪು ಮಣ್ಣು. ಅದು ನೀರು ಹಿಡಿದರೆ ಬಿಡುವ ಜಾತಿಯಲ್ಲ; ಒಂದು ಜೋರು ಮಳೆ ಬಿದ್ದರೆ ಹೆಜ್ಜೆ ಹೆಜ್ಜೆಗೂ ಪಾದಕ್ಕೆ ಹತ್ತಿಕೊಂಡು ಓಡುವವನನ್ನು ನಡೆಯುವಂತೆ ಮಾಡುತ್ತದೆ, ಮೈದಾನ ಮತ್ತೆ ಹದಕ್ಕೆ ಬರಲು ದಿನಗಳೇ ಬೇಕು. ಸೋನೆಯ ತಿಂಗಳುಗಳಲ್ಲಿ ಕೆಂಪು ನೆಲ ಸದಾ ಒಂದಿಷ್ಟು ತೇವವಾಗಿ, ಧೂಳೇಳದೆ, ಕಾಲಿಗೆ ಮೆತ್ತಗಿರುತ್ತದೆ. ಸುಣ್ಣದ ಪುಡಿಯಲ್ಲಿ ಎಳೆದ ಗೆರೆ ಪದೇ ಪದೇ ಅಳಿಸುತ್ತದೆ ಎಂಬುದೊಂದೇ ಪಿ.ಟಿ. ಮೇಷ್ಟ್ರುಗಳ ದೂರು.

ನೆಲದ ತೇವಕ್ಕೂ ಕಾಲಿಗೂ ಇರುವ ಸಂಬಂಧ ನಮ್ಮ ನಾಡಿನ ಫುಟ್‌ಬಾಲ್ ಚರಿತ್ರೆಯಲ್ಲೇ ದೊಡ್ಡ ಅಧ್ಯಾಯ. ಕೋಲ್ಕತ್ತದ ಲೀಗ್ ಪಂದ್ಯಗಳು ನಡೆಯುತ್ತಿದ್ದುದು ಮಳೆಗಾಲದಲ್ಲೇ. ಬರಿಗಾಲಿನ ಭಾರತೀಯರು ಒಣನೆಲದಲ್ಲಿ ಚುರುಕಾಗಿದ್ದು ಕೆಸರಿನಲ್ಲಿ ಬೂಟಿನ ಬ್ರಿಟಿಷ್ ಪಡೆಗಳೆದುರು ಜಾರಿ ಬೀಳುತ್ತಿದ್ದರು. ಮೊಹಮ್ಮಡನ್ ಸ್ಪೋರ್ಟಿಂಗ್ ತಂಡ ಬೆಂಗಳೂರಿನಿಂದಲೂ ಆಟಗಾರರನ್ನು ಕರೆಸಿಕೊಂಡು, ಒದ್ದೆ ನೆಲದಲ್ಲಿ ಬೂಟು ಹಾಕಿಸಿ, 1934ರಿಂದ 1938ರವರೆಗೆ ಸತತ ಐದು ಬಾರಿ ಲೀಗ್ ಗೆದ್ದಿತು. ಅದೇ ಕಾಲಕ್ಕೆ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ ಗೆದ್ದು ಮರುವರ್ಷವೂ ಉಳಿಸಿಕೊಂಡಿತು. ಬರಿಗಾಲಿನ ಕಾಲ ಮುಗಿದದ್ದಕ್ಕೂ ಹವೆಯೇ ಕಾರಣ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಕೊರೆಯುವ ಚಳಿಯಲ್ಲಿ, ಹಲವರು ಬೂಟಿಲ್ಲದೆ ಇಳಿದ ಭಾರತ ತಂಡ ಯುಗೊಸ್ಲಾವಿಯಾ ಎದುರು 1–10ರಿಂದ ಸೋತಿತು. ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಅದಾದ ಮೇಲೆ ರಾಷ್ಟ್ರೀಯ ಫೆಡರೇಷನ್ ಬೂಟನ್ನು ಕಡ್ಡಾಯ ಮಾಡಿತು. ಗುಂಡ್ಲುಪೇಟೆಯ ಕೆಂಪು ನೆಲದಲ್ಲಿ ಇವತ್ತಿಗೂ ಬರಿಗಾಲಲ್ಲಿ ಓಡುವ ಹುಡುಗ ಜಿಲ್ಲಾ ಮಟ್ಟಕ್ಕೆ ಹೋಗಿ ಮೊದಲ ಬಾರಿ ಬೇರೆಯವರ ಬೂಟು ಹಾಕಿಕೊಂಡು ತಡವರಿಸುವುದನ್ನು ಕಂಡಾಗ ನನಗೆ ಆ ಚರಿತ್ರೆ ಇನ್ನೂ ಮುಗಿದಿಲ್ಲ ಅನ್ನಿಸುತ್ತದೆ.

ಹವೆ ಹೀಗಿದ್ದರೆ ಪಂದ್ಯಗಳು ಯಾವಾಗ ನಡೆಯುತ್ತವೆ? ಶಾಲಾ ಕ್ರೀಡಾಕೂಟಗಳು ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಮೆಟ್ಟಿಲು ಹತ್ತುತ್ತವೆ. ಹೋಬಳಿ ಮಟ್ಟದವು ಮುಂಗಾರಿನಲ್ಲೇ ಆಗಿಹೋಗುವುದುಂಟು. ಮೇಲಿನ ಹಂತಗಳೂ ದಸರಾ ಕ್ರೀಡಾಕೂಟಗಳೂ ಬರುವ ಹೊತ್ತಿಗೆ ಸೆಪ್ಟೆಂಬರ್, ಅಕ್ಟೋಬರ್. ಕರಾವಳಿ, ಮಲೆನಾಡಿನ ಜಿಲ್ಲೆಗಳಲ್ಲಿ ಆಗ ಮಳೆ ಹಿಂದೆಗೆಯುತ್ತಿರುತ್ತದೆ. ನಮ್ಮಲ್ಲಿ ಅದೇ ಜೋರು ಮಳೆಯ ಕಾಲ. ಬೆಳಿಗ್ಗೆ ಚುರುಕು ಬಿಸಿಲು, ಮಧ್ಯಾಹ್ನದ ಮೇಲೆ ಪೂರ್ವದಲ್ಲಿ ಮೋಡ ಕಟ್ಟಿ ಸಂಜೆಗೆ ಸಿಡಿಲು ಸಮೇತ ಸುರಿಯುತ್ತದೆ. ಒಂದೇ ದಿನದಲ್ಲಿ ಎಲ್ಲ ತಂಡಗಳನ್ನೂ ಆಡಿಸಿ ಮುಗಿಸಬೇಕಾದ ಸಂಘಟಕರು ಪಂದ್ಯದ ಅವಧಿ ಮೊಟಕು ಮಾಡುತ್ತಾರೆ. ಅದೂ ಆಗದಿದ್ದರೆ ನೇರ ಪೆನಾಲ್ಟಿ. ವರ್ಷವಿಡೀ ಓಡಿ ಮೈ ಹುರಿಗೊಳಿಸಿದ ಹುಡುಗಿಯರ ತಂಡವೊಂದು ಹನ್ನೆರಡು ಗಜದಿಂದ ಒದ್ದ ಐದು ಒದೆತಗಳಲ್ಲಿ ಮನೆಗೆ ಹೋಗುವುದು ಅನ್ಯಾಯ. ಯಾರೋ ಬೇಕೆಂದು ಮಾಡುವ ಅನ್ಯಾಯವಲ್ಲ ಅದು. ಇಡೀ ರಾಜ್ಯಕ್ಕೆ ಒಂದೇ ಮಳೆಗಾಲ ಎಂದುಕೊಂಡು ಹಾಕಿದ ವೇಳಾಪಟ್ಟಿಯ ಫಲ.

ಮಳೆ ಮುಗಿದ ಮೇಲೆ ಇನ್ನೊಂದು ಒಳ್ಳೆಯ ಕಾಲವಿದೆ, ಅದು ಹಳ್ಳಿಗಳದು. ಎರಡು ಮಳೆಯ ನಾಡಾದ್ದರಿಂದ ಇಲ್ಲಿ ಎರಡು ಬೆಳೆ. ಭರಣಿಗೆ ಬಿತ್ತಿದ ಸೂರ್ಯಕಾಂತಿ, ಹತ್ತಿ, ಜೋಳ ಕೈಗೆ ಬಂದಂತೆ ಹಲವು ಹೊಲಗಳಿಗೆ ಹುರುಳಿ ಬೀಳುತ್ತದೆ. ಹುರುಳಿ ಕಿತ್ತು ಒಕ್ಕಣೆ ಮುಗಿಯುವುದು ಸಂಕ್ರಾಂತಿ ಆಸುಪಾಸು. ಆಗ ಹೊಲಗಳು ಬಯಲಾಗುತ್ತವೆ. ಬೆಳಗಿನ ಇಬ್ಬನಿ, ಎಳೆ ಬಿಸಿಲು, ಗಾಳಿಯಿಲ್ಲದ ಸಂಜೆ. ನಾಲ್ಕು ಕಲ್ಲಿಟ್ಟರೆ ಗೋಲು. ಆದರೆ ಅದೇ ಹೊತ್ತಿಗೆ ಪರೀಕ್ಷೆ ತಲೆಮೇಲೆ ಬಂದಿರುತ್ತದೆ. ಎಸ್‌ಎಸ್‌ಎಲ್‌ಸಿ ಮಕ್ಕಳನ್ನು ಸಂಕ್ರಾಂತಿಯ ನಂತರ ಮೈದಾನಕ್ಕೆ ಬಿಡುವ ಮನೆ ಎಷ್ಟಿವೆ? ಪರೀಕ್ಷೆ ಮುಗಿದು ಹೊರಗೆ ಬಂದರೆ ಏಪ್ರಿಲ್ ಬಿಸಿಲು, ಒಣಗಿ ಬಿರಿದ ನೆಲ.

ಅದರ ಹಿಂದೆಯೇ ಗುಡುಗು. ಏಪ್ರಿಲ್ ಕೊನೆ, ಮೇ ತಿಂಗಳ ಸಂಜೆಗಳಲ್ಲಿ ಬರುವ ಮಳೆ ನಮಗೆ ಜೀವಜಲ, ಆದರೆ ಬಟ್ಟಬಯಲಿನಲ್ಲಿ ನಿಂತ ಇಪ್ಪತ್ತೆರಡು ಮಕ್ಕಳಿಗೆ ಅಪಾಯ. ಗುಡುಗು ಕಿವಿಗೆ ಬಿತ್ತೆಂದರೆ ಆಟ ನಿಲ್ಲಿಸಿ ಪಕ್ಕಾ ಕಟ್ಟಡದೊಳಗೆ ಹೋಗಬೇಕು, ಮರದ ಕೆಳಗಲ್ಲ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ‘ಸಿಡಿಲು’ ಎಂಬ ಆ್ಯಪ್ ಕೊಟ್ಟಿದೆ, ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆ ಮಾಪಕಗಳನ್ನೂ ಇಟ್ಟಿದೆ. ಆ ಮಾಪಕಗಳ ಲೆಕ್ಕ ಬೆಳೆ ವಿಮೆಗೆ ಬಳಕೆಯಾಗುವಂತೆ ಪಂದ್ಯದ ದಿನ ಗೊತ್ತುಮಾಡಲೂ ಆಗಬಾರದೇಕೆ?

ಹವೆ ನೋಡಿ ಆಟದ ದಿನ ಇಡುವುದು ಹೊಸ ಮಾತೇನಲ್ಲ. ಪಕ್ಕದ ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುವುದು ಕಾಫಿ ಕೊಯ್ಲು ಮುಗಿದು ಮುಂಗಾರು ಇನ್ನೂ ಹತ್ತದ ಏಪ್ರಿಲ್, ಮೇ ತಿಂಗಳಲ್ಲಿ. ಕತಾರ್‌ನ ಸೆಖೆಗೆ ಅಂಜಿ 2022ರ ವಿಶ್ವಕಪ್ಪನ್ನೇ ಜೂನ್‌ನಿಂದ ನವೆಂಬರ್‌ಗೆ ತಳ್ಳಿದರು. ಆ ಬದಲಾವಣೆ ನಮ್ಮ ಊರುಗಳ ನೋಡುಗರಿಗೂ ತಟ್ಟಿತು. 2018ರ ರಷ್ಯಾ ವಿಶ್ವಕಪ್ ಆಷಾಢದ ಗಾಳಿಯ ಕಾಲಕ್ಕೆ ಬಿದ್ದಿತ್ತು: ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಕರೆಂಟಿಲ್ಲ, ಹೊರಗೆ ಪರದೆ ಕಟ್ಟುವಂತಿಲ್ಲ. ಕತಾರ್ ಪಂದ್ಯಗಳು ಬಂದದ್ದು ಗಾಳಿ ತಗ್ಗಿದ ಚಳಿಯ ರಾತ್ರಿಗಳಲ್ಲಿ, ಕಂಬಳಿ ಹೊದ್ದು ಹೊರಗೇ ಕೂರಬಹುದಾದ ಕಾಲದಲ್ಲಿ. ಹುಚ್ಚು ಅದೇ ಇದ್ದರೂ ನೋಡುವ ಸುಖ ಎರಡು ಬಗೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಜಿಲ್ಲೆಯ ಶಾಲಾ ಫುಟ್‌ಬಾಲನ್ನು, ಹುಡುಗ ಹುಡುಗಿಯರಿಬ್ಬರದನ್ನೂ, ಹಸ್ತ ಮಳೆಗೆ ಮುಂಚೆ, ಜುಲೈ ಮತ್ತು ಆಗಸ್ಟ್‌ನಲ್ಲೇ ಪೂರ್ತಿ ಅವಧಿಯ ಪಂದ್ಯಗಳಾಗಿ ಆಡಿಸಿ ಮುಗಿಸಲಿ. ಅದೇ ತಿಂಗಳುಗಳಲ್ಲಿ ಮೈದಾನವಿಲ್ಲದೆ ಕೈಕಟ್ಟಿ ಕುಳಿತ ವಯನಾಡು ಮತ್ತು ಗೂಡಲೂರಿನ ಮಕ್ಕಳನ್ನು ಗುಂಡ್ಲುಪೇಟೆಗೆ ಕರೆಯಲಿ. ಬೆಳಿಗ್ಗೆ ಆರಕ್ಕೆ ಕಾಡಿನ ದಾರಿ ತೆರೆಯುತ್ತದೆ, ಹತ್ತಕ್ಕೆ ಪಂದ್ಯ ಶುರುವಾದರೆ ಐದಕ್ಕೆ ಮುಗಿದು ಒಂಬತ್ತಕ್ಕೆ ಬಹಳ ಮುಂಚೆ ಎಲ್ಲರೂ ಮನೆ ಸೇರುತ್ತಾರೆ. ಚಿಕ್ಕಂದಿನಿಂದ ಚೆಂಡಿನೊಡನೆ ಬೆಳೆದವರ ಎದುರು ನಮ್ಮವರು ಮೊದಲ ವರ್ಷ ಸೋಲುತ್ತಾರೆ. ಸೋಲಲಿ. ನಮ್ಮ ಗಾಳಿಯಲ್ಲಿ ಆಡಲು ಅವರಿಗೂ ಎರಡು ದಿನ ಬೇಕಾಗುತ್ತದೆ.

ಗಾಳಿಗೊಂದು ಉಪಾಯವೂ ಇದೆ. ಸಾಲುಮರದ ತಡೆ ತನ್ನ ಎತ್ತರದ ಸುಮಾರು ಹತ್ತರಷ್ಟು ದೂರದವರೆಗೆ ಗಾಳಿಯ ಬಿರುಸನ್ನು ಚೆನ್ನಾಗಿ ತಗ್ಗಿಸುತ್ತದೆ. ಮೈದಾನದ ಪಶ್ಚಿಮಕ್ಕೆ ಹೊಂಗೆಯನ್ನು ಎರಡು ಸಾಲು ನೆಟ್ಟು ಆರೇಳು ಮೀಟರ್ ಬೆಳೆಸಿದರೆ ಅರವತ್ತು ಎಪ್ಪತ್ತು ಮೀಟರ್, ಅಂದರೆ ಒಂದು ಫುಟ್‌ಬಾಲ್ ಮೈದಾನದ ಅಗಲಕ್ಕೆ ಸರಿಹೋಗುವಷ್ಟು ಆಸರೆ. ಗುಂಡಿಯನ್ನು ಬೇಸಿಗೆಯಲ್ಲೇ ತೆಗೆದಿಟ್ಟು ಕೃತ್ತಿಕೆಯ ಹದಕ್ಕೆ ಸಸಿ ಇಟ್ಟರೆ ಮುಂದಿನ ಮೂರು ತಿಂಗಳ ಸೋನೆ ಅದನ್ನು ಹಿಡಿಸುತ್ತದೆ. ಮೊದಲೆರಡು ಬೇಸಿಗೆ ದನಕರು ಬಾಯಿ ಹಾಕದಂತೆ ಮುಳ್ಳುಬೇಲಿ ಕಟ್ಟಿ, ವಾರಕ್ಕೆ ಎರಡು ಸಲ ನೀರು ಹಾಕಬೇಕು. ಆ ಕೆಲಸಕ್ಕೆ ಸಂಜೆ ಆಡಲು ಬರುವ ಹುಡುಗರೇ ಸಾಕು.